ಹೂಬಿಸಿಲಿನ ಜನವರಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಬರ

ಪ್ರಶ್ನೆ: ನಾವು ಉಡುಪಿಯ ಕಡೆಯವರು. ಮಗಳ ಸಂಸಾರ ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಫ್ರೀಮಾಂಟ್‌ನಲ್ಲಿದೆ. 2022ರ ಜನವರಿ, ಫೆಬ್ರುವರಿಯಲ್ಲಿ ನಾವು ಅಲ್ಲಿದ್ದಾಗ ದಿನವೂ ಹೂಬಿಸಿಲು. ಹೇಳಿಕೊಳ್ಳುವಂಥ ಮಳೆ ಬಂದ ನೆನಪೇ ಇಲ್ಲ. ಹಿಂದಿನ ಅಕ್ಟೋಬರಿನಲ್ಲಿ ದಾಖಲೆಯ ಮಳೆ, ಡಿಸೆಂಬರಿನಲ್ಲಿ ಬೆಟ್ಟದ ಮೇಲೆ ಆಳೆತ್ತರದ ಹಿಮ ಬಿದ್ದಿತ್ತಂತೆ. ಆದರೂ ಎಲ್ಲರೂ ಬರ ಎನ್ನುತ್ತಿದ್ದರು; ನೀರನ್ನು ಮಿತವಾಗಿ ಬಳಸಿರೆಂದು ಮನೆಗೆ ಪತ್ರವೂ ಬಂತು. ಚಳಿಗಾಲದಲ್ಲಿ ಮಳೆ ಬಾರದಿರುವುದರಲ್ಲಿ ವಿಶೇಷವೇನು? ಡಿಸೆಂಬರಿನ ಆ ಹಿಮವೆಲ್ಲ ಎಲ್ಲಿ ಹೋಯಿತು? ಕಡಲ ಬದಿಯ ಊರಿಗೆ ನೀರಿನ ಕೊರತೆ ಏಕೆ, ಕಡಲಿನ ನೀರನ್ನೇ ಸಿಹಿ ಮಾಡಬಾರದೇ? ನಮ್ಮಲ್ಲಿಯ ಹಾಗೆ ಬಾವಿ ತೋಡಿ, ಮಾಡಿನ ನೀರು ಹಿಡಿದು ನಿಭಾಯಿಸಬಾರದೇ? 2023ರ ಭಾರಿ ಮಳೆಯ ನಂತರ ಬರ ಮುಗಿಯಿತೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳಲ್ಲಿ ಮೊದಲನೆಯದೇ ಮುಖ್ಯವಾದದ್ದು. ಅದು ಬಿಡಿಸಿಕೊಂಡರೆ ಉಳಿದವುಗಳ ಗಂಟು ಬಹುಮಟ್ಟಿಗೆ ಸಡಿಲವಾಗುತ್ತದೆ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ನಮ್ಮ ಕರಾವಳಿಯಲ್ಲಿ ಜನವರಿಯೆಂದರೆ ಅಂಗಳದಲ್ಲಿ ಅಡಿಕೆ ಒಣಗುವ, ಯಕ್ಷಗಾನ ಮೇಳಗಳು ಊರೂರು ತಿರುಗುವ ತಿಂಗಳು. ಆಗ ಮಳೆ ಬಂದರೇ ತೊಂದರೆ. ಸ್ಯಾನ್ ಫ್ರಾನ್ಸಿಸ್ಕೋದ ಪಂಚಾಂಗ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಡಲಿನಿಂದ ದಟ್ಟ ಮಂಜು ಏರಿ ಬರುತ್ತದೆಯೇ ಹೊರತು ಮಳೆ ಬರುವುದಿಲ್ಲ. ಮಳೆಗಾಲ ಅಕ್ಟೋಬರಿನ ಕೊನೆಗೆ ಕಣ್ಣು ಬಿಟ್ಟು ಏಪ್ರಿಲಿನಲ್ಲಿ ಮುಗಿಯುತ್ತದೆ, ಮತ್ತು ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡಿಸೆಂಬರ್, ಜನವರಿ, ಫೆಬ್ರುವರಿ ಈ ಮೂರೇ ತಿಂಗಳಲ್ಲಿ ಬೀಳುತ್ತದೆ. ವರ್ಷದ ಒಟ್ಟು ಮಳೆಯಾದರೂ ಎಷ್ಟು? ಸರಾಸರಿ ಸುಮಾರು 580 ಮಿಲಿಮೀಟರ್. ಕಡಲ ತಡಿಯ ಊರಾದರೂ ನಮ್ಮ ಬಯಲುಸೀಮೆಯ ಚಿತ್ರದುರ್ಗ, ಬಳ್ಳಾರಿಗಳ ಮಟ್ಟದ ಮಳೆ. ಹೀಗಾಗಿ ನೀವು ಅಲ್ಲಿ ಕಂಡ ಬಿಸಿಲಿನ ಜನವರಿಯನ್ನು ನಮ್ಮ ಜನವರಿಯ ಜೊತೆ ಹೋಲಿಸದೆ, ಉಡುಪಿಯಲ್ಲಿ ಆರ್ದ್ರಾ, ಪುನರ್ವಸು, ಪುಷ್ಯ ಮೂರೂ ಮಳೆಗಳು ಒಂದರ ಹಿಂದೊಂದು ಕೈಕೊಟ್ಟ ವರ್ಷದ ಜೊತೆ ಹೋಲಿಸಬೇಕು. ಅಂಥ ವರ್ಷದಲ್ಲಿ ಆಕಾಶ ಎಷ್ಟು ತಿಳಿಯಾಗಿದ್ದರೂ ಕೃಷಿಕನಿಗೆ ಅದನ್ನು ನೋಡಿ ನಿದ್ದೆ ಬರುವುದಿಲ್ಲ. ಅಲ್ಲಿಯ ಜಲಾಶಯಗಳ ನಿರ್ವಾಹಕರ ಸ್ಥಿತಿಯೂ 2022ರ ಜನವರಿಯಲ್ಲಿ ಅದೇ ಆಗಿತ್ತು.

ಇಂಥ ಚಳಿಗಾಲ ಅಲ್ಲಿ ಹಿಂದೆಯೂ ಬಂದಿದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಚಿನ್ನದ ಬೇಟೆಯ ಕಾಲದಿಂದ, ಅಂದರೆ 1849ರಿಂದ, ಮಳೆಯ ಲೆಕ್ಕ ಸಿಗುತ್ತದೆ. ಅಷ್ಟು ದೀರ್ಘವಾದ ದಾಖಲೆಯಲ್ಲಿ ಅತ್ಯಂತ ಒಣ ವರ್ಷವೆಂದರೆ 2013. ಆ ಜನವರಿಯಿಂದ ಡಿಸೆಂಬರ್‌ವರೆಗೆ ಬಿದ್ದದ್ದು 142 ಮಿಲಿಮೀಟರ್ ಮಾತ್ರ. 2014ರ ಜನವರಿ 17ರಂದು ಗವರ್ನರ್ ಜೆರ್ರಿ ಬ್ರೌನ್ ಇಡೀ ಕ್ಯಾಲಿಫೋರ್ನಿಯಾಕ್ಕೆ ಬರದ ತುರ್ತುಸ್ಥಿತಿ ಘೋಷಿಸಿದರು. ಅದೇ ವರ್ಷದ ಕೊನೆಗೆ, 2014ರ ಡಿಸೆಂಬರಿನಲ್ಲಿ ರಸ್ತೆಗಳು ಹೊಳೆಯಾಗುವಷ್ಟು ಮಳೆ ಸುರಿದು ಜನ ನಿಟ್ಟುಸಿರು ಬಿಟ್ಟರು. ಅದರ ಬೆನ್ನಿಗೇ ಬಂದ 2015ರ ಜನವರಿ ಅಳೆಯುವಷ್ಟು ಮಳೆಯನ್ನೂ ಕಾಣದೆ ಹೋಯಿತು. ಆ ದಾಖಲೆಯಲ್ಲಿ ಅಂಥ ಜನವರಿ ಅದಕ್ಕೆ ಮೊದಲು ಇರಲಿಲ್ಲ. ನೀವು ಕಂಡ ಚಳಿಗಾಲದ ನಡಿಗೆಯೂ ಇದೇ: 2021ರ ಅಕ್ಟೋಬರ್ 24ರಂದು ನಗರದಲ್ಲಿ ಒಂದೇ ದಿನ ಸುಮಾರು 102 ಮಿಲಿಮೀಟರ್ ಮಳೆ, ಡಿಸೆಂಬರಿನಲ್ಲಿ ಹಿಮದ ಸುರಿಮಳೆ, ಆಮೇಲೆ ಬಾಗಿಲು ಹಾಕಿಕೊಂಡಂತೆ ಮೂರು ತಿಂಗಳು ಏನೂ ಇಲ್ಲ. 2022ರ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೂರು ವರ್ಷಕ್ಕೂ ಹೆಚ್ಚಿನ ದಾಖಲೆಯಲ್ಲೇ ಅತ್ಯಂತ ಒಣದಾಗಿತ್ತು.

ಹೀಗೇಕೆ ಆಗುತ್ತದೆ? ನಮ್ಮ ಮುಂಗಾರು ವಾರಗಟ್ಟಲೆ ಬೀಸುವ ಗಾಳಿ. ಒಂದು ವಾರ ಮುನಿಸಿಕೊಂಡರೆ ಮರುವಾರ ಸರಿಹೋಗುವ ಸಂಭವ ಹೆಚ್ಚು. ಕ್ಯಾಲಿಫೋರ್ನಿಯಾದ ಮಳೆಗೆ ಅಂಥ ಸ್ಥಿರತೆಯಿಲ್ಲ. ಅದು ಪೆಸಿಫಿಕ್ ಸಾಗರದಿಂದ ಬಿಡಿಬಿಡಿಯಾಗಿ ಬರುವ ಬಿರುಗಾಳಿಗಳ ಮಳೆ. ಅದರಲ್ಲಿಯೂ ದೊಡ್ಡ ಪಾಲನ್ನು ತರುವುದು ಹವಾಮಾನ ತಜ್ಞರು ‘ವಾಯುಮಂಡಲದ ನದಿ’ ಎಂದು ಕರೆಯುವ ತೇವಾಂಶದ ಉದ್ದನೆಯ, ಕಿರಿದಾದ ಪಟ್ಟಿಗಳು. ವರ್ಷದಲ್ಲಿ ಇಂಥ ಕೆಲವೇ ಪಟ್ಟಿಗಳು ಬಂದು ಅಪ್ಪಳಿಸಿದರೆ ಸುಭಿಕ್ಷ; ಅವುಗಳಲ್ಲಿ ಎರಡು ಮೂರು ದಾರಿ ತಪ್ಪಿದರೂ ಬರ. ದಾರಿ ತಪ್ಪಿಸುವುದು ಈಶಾನ್ಯ ಪೆಸಿಫಿಕ್ ಸಾಗರದ ಮೇಲೆ ನೆಲೆಯೂರುವ ಅಧಿಕ ಒತ್ತಡದ ದಿಬ್ಬ. ಅದು ಎದುರಿಗೆ ನಿಂತರೆ ಬಿರುಗಾಳಿಗಳು ಉತ್ತರಕ್ಕೆ ತಿರುಗಿ ಕೆನಡಾ, ಅಲಾಸ್ಕಾಗಳ ಕಡೆಗೆ ಹೋಗಿಬಿಡುತ್ತವೆ. ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಕರಗಬೇಕಾದ ಇಂಥ ದಿಬ್ಬ 2013–14ರ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಜಾಗ ಬಿಟ್ಟು ಕದಲಲಿಲ್ಲ. ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇನಿಯಲ್ ಸ್ವೇನ್ ಅದಕ್ಕೊಂದು ಅಡ್ಡಹೆಸರಿಟ್ಟು ಅದನ್ನು ಮನೆಮಾತಾಗಿಸಿದರು. 2021–22ರಲ್ಲಿ ಲಾ ನಿನ್ಯಾ, ಅಂದರೆ ಸಮಭಾಜಕದ ಬಳಿ ಪೆಸಿಫಿಕ್ ಸಾಗರದ ಮೇಲ್ಮೈ ಎಂದಿಗಿಂತ ತಣ್ಣಗಾಗುವ ಸ್ಥಿತಿ, ಕೂಡ ಇತ್ತು; ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸರಿಯಲ್ಲವೆಂದು ನಾನು ಹೇಳುತ್ತೇನೆ. ಲಾ ನಿನ್ಯಾ ದಕ್ಷಿಣ ಕ್ಯಾಲಿಫೋರ್ನಿಯಾವನ್ನು ಒಣಗಿಸುವಷ್ಟು ಖಚಿತವಾಗಿ ಉತ್ತರದ ಭಾಗವನ್ನು ಒಣಗಿಸುವುದಿಲ್ಲ, ಮತ್ತು 2013–14ರ ಚಳಿಗಾಲದಲ್ಲಿ ಅದು ಇರಲೇ ಇಲ್ಲ.

ಇನ್ನು ಡಿಸೆಂಬರಿನ ಆಳೆತ್ತರದ ಹಿಮದ ಮಾತು. ಅದು ಎಲ್ಲಿ ಹೋಯಿತೆಂದು ನೀವು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ, ಏಕೆಂದರೆ ಅಲ್ಲಿಯ ನೀರಿನ ಲೆಕ್ಕದ ತಿರುಳೇ ಹಿಮ. ನಗರದಿಂದ ಪೂರ್ವಕ್ಕಿರುವ ಸಿಯೆರಾ ನೆವಾಡಾ ಪರ್ವತಗಳ ಮೇಲೆ ಚಳಿಗಾಲದಲ್ಲಿ ಕೂಡುವ ಹಿಮ ಏಪ್ರಿಲಿನಿಂದ ಜುಲೈವರೆಗೆ ನಿಧಾನವಾಗಿ ಕರಗಿ, ಒಂದು ಹನಿ ಮಳೆಯೂ ಇಲ್ಲದ ಬೇಸಿಗೆಯಲ್ಲಿ ಜಲಾಶಯಗಳನ್ನು ತುಂಬುತ್ತದೆ. ಯಾರೂ ಕಟ್ಟದ, ಹೂಳು ತುಂಬದ ದೊಡ್ಡ ಕೆರೆಯದು. ಇಡೀ ರಾಜ್ಯದ ನೀರಿನ ಅಗತ್ಯದಲ್ಲಿ ಸುಮಾರು ಶೇಕಡಾ 30ರಷ್ಟನ್ನು ಈ ಹಿಮವೇ ಪೂರೈಸುತ್ತದೆ.

ಅದನ್ನು ಅಳೆಯುವ ಕ್ರಮ ಸರಳವಾದದ್ದು, ನೂರು ವರ್ಷದಿಂದ ಹೆಚ್ಚು ಬದಲಾಗದ್ದು. ಟಾಹೋ ಸರೋವರದ ದಕ್ಷಿಣಕ್ಕೆ ಹೆದ್ದಾರಿಯ ಪಕ್ಕದಲ್ಲಿ ಫಿಲಿಪ್ಸ್ ಸ್ಟೇಷನ್ ಎಂಬ ಹುಲ್ಲುಗಾವಲಿದೆ. ಅಳತೆಯವರು ಹಿಮದ ಮೇಲೆ ನಡೆಯುವ ಅಗಲ ಪಾದುಕೆ ಕಟ್ಟಿಕೊಂಡು, ಅಂಚಿಗೆ ಹಲ್ಲುಗಳಿರುವ ಪೊಳ್ಳು ಅಲ್ಯೂಮಿನಿಯಂ ಕೊಳವೆಯೊಂದನ್ನು ಹಿಮದೊಳಗೆ ನೆಲ ಮುಟ್ಟುವವರೆಗೆ ತಿರುಗಿಸುತ್ತ ಇಳಿಸುತ್ತಾರೆ. ಹೊರಗೆಳೆದಾಗ ಕೊಳವೆಯ ತುದಿಯಲ್ಲಿ ಸ್ವಲ್ಪ ಮಣ್ಣು ಕಚ್ಚಿಕೊಂಡಿದ್ದರೆ ನೆಲ ಮುಟ್ಟಿದ್ದು ಖಾತ್ರಿ. ಕೊಳವೆಯ ಗುರುತಿನಿಂದ ಹಿಮದ ಆಳ ಗೊತ್ತಾಗುತ್ತದೆ. ಆಮೇಲೆ ಅದನ್ನು ತಕ್ಕಡಿಗೆ ತೂಗುಹಾಕಿ, ಬರಿ ಕೊಳವೆಯ ತೂಕ ಕಳೆದರೆ, ಆ ಹಿಮ ಕರಗಿದಾಗ ಎಷ್ಟು ಅಂಗುಲ ನೀರಾಗುತ್ತದೆಂಬುದು ಸಿಗುತ್ತದೆ. ಆಳಕ್ಕಿಂತ ಈ ಎರಡನೆಯ ಸಂಖ್ಯೆಯೇ ಮುಖ್ಯ. ಹೊಸ ಹಿಮ ಹತ್ತಿಯಂತೆ ಹಗುರ, ಹಳೆಯದು ಭಾರ.

2021ರ ಡಿಸೆಂಬರ್ 30ರಂದು ಫಿಲಿಪ್ಸ್ ಸ್ಟೇಷನ್ನಿನಲ್ಲಿ ಹಿಮದ ಆಳ 78.5 ಅಂಗುಲ, ಅದರೊಳಗಿನ ನೀರು 20 ಅಂಗುಲ. ಆ ದಿನಕ್ಕೆ ಇರಬೇಕಾದದ್ದರ ಎರಡು ಪಟ್ಟು. 2022ರ ಏಪ್ರಿಲ್ 1ರಂದು ಅದೇ ಜಾಗದಲ್ಲಿ ಆಳ 2.5 ಅಂಗುಲ, ನೀರು 1 ಅಂಗುಲ. ನೀವು ಮಗಳ ಮನೆಯಂಗಳದಲ್ಲಿ ಕುಳಿತು ಕಾಯಿಸಿಕೊಂಡ ಆ ಹಿತವಾದ ಬಿಸಿಲು ಬೆಟ್ಟದ ಮೇಲೆ ಹಿಮವನ್ನು ಹೊತ್ತಿಗೆ ಮುಂಚೆಯೇ ಕರಗಿಸುತ್ತಿತ್ತು, ಒಂದಿಷ್ಟನ್ನು ನೇರವಾಗಿ ಆವಿ ಮಾಡುತ್ತಿತ್ತು. ಇಡೀ ರಾಜ್ಯದ ಹಿಮದ ಲೆಕ್ಕ ಆ ಏಪ್ರಿಲಿನಲ್ಲಿ ಸರಾಸರಿಯ ಶೇಕಡಾ 38ಕ್ಕೆ ನಿಂತಿತು. ಅದಕ್ಕೂ ಕೆಟ್ಟ ವರ್ಷ 2015. ಆಗ ಶೇಕಡಾ 5. ಆ ಏಪ್ರಿಲ್ 1ರಂದು ಫಿಲಿಪ್ಸ್ ಸ್ಟೇಷನ್ನಿನಲ್ಲಿ ಅಳೆಯಲು ಹಿಮವೇ ಇರಲಿಲ್ಲ. ಗವರ್ನರ್ ಬ್ರೌನ್ ಒಣಹುಲ್ಲಿನ ಮೇಲೆ ನಿಂತು, ನಗರಗಳ ನೀರಿನ ಬಳಕೆಯಲ್ಲಿ ಶೇಕಡಾ 25ರಷ್ಟು ಕಡಿತವನ್ನು ಕಡ್ಡಾಯಗೊಳಿಸುವ ಆದೇಶ ಪ್ರಕಟಿಸಿದರು. ಆ ಚಳಿಗಾಲದಲ್ಲಿ ಮಳೆಯೇ ಇಲ್ಲವೆಂದಲ್ಲ. ಬಂದ ಮಳೆ ಬೆಚ್ಚಗಿತ್ತು, ಹಿಮವಾಗಿ ನಿಲ್ಲಬೇಕಾದದ್ದು ನೀರಾಗಿ ಹರಿದುಹೋಯಿತು. ಭೂಮಿ ಬಿಸಿಯಾಗುತ್ತಿರುವುದರ ಪರಿಣಾಮವನ್ನು ನಾನು ಮೊದಲು ಕಾಣುವುದು ಇಲ್ಲಿಯೇ. ಮಳೆ ಎಷ್ಟು ಬೀಳುತ್ತದೆಂಬುದರ ಬಗ್ಗೆ ವಾದವಿರಬಹುದು, ಬಿದ್ದದ್ದು ನಿಲ್ಲುವುದಿಲ್ಲವೆಂಬುದರ ಬಗ್ಗೆ ವಾದವಿಲ್ಲ. ಮರದ ಉಂಗುರಗಳ ಆಧಾರದ ಮೇಲೆ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 2000ದಿಂದ 2021ರವರೆಗಿನ 22 ವರ್ಷಗಳು ಉತ್ತರ ಅಮೆರಿಕದ ನೈಋತ್ಯ ಭಾಗದಲ್ಲಿ ಕ್ರಿಸ್ತಶಕ 800ರಿಂದೀಚೆಗೆ ಅತ್ಯಂತ ಒಣಗಿದ ಅವಧಿ.

ಮಣ್ಣಿನ ಸಾಲವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಬರ ಎಂಬುದು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುವ ಬಾಕಿ. 2021ರ ಏಪ್ರಿಲಿನಲ್ಲಿ ಹಿಮ ಸರಾಸರಿಯ ಶೇಕಡಾ 60ರ ಆಸುಪಾಸಿನಲ್ಲಿತ್ತು. ಅಷ್ಟು ಹಿಮಕ್ಕೆ ಇಷ್ಟು ನೀರು ಬರಬೇಕೆಂದು ಜಲಸಂಪನ್ಮೂಲ ಇಲಾಖೆ ಅಂದಾಜು ಮಾಡಿತ್ತು. ನೀರು ಬರಲಿಲ್ಲ. ಹಿಂದಿನ ವರ್ಷವೂ ಒಣಗಿದ್ದ ಬೆಟ್ಟದ ಮಣ್ಣು ಕರಗಿದ ಹಿಮವನ್ನು ಮೊದಲು ತಾನು ಕುಡಿಯಿತು; ಜಲಾಶಯಕ್ಕೆ ಬಂದದ್ದು ಅಂದಾಜಿಗಿಂತ ತೀರ ಕಡಿಮೆ. 2021ರ ಅಕ್ಟೋಬರಿನ ಆ ದಾಖಲೆ ಮಳೆಯಲ್ಲಿಯೂ ಗಣನೀಯ ಭಾಗ ಹೀಗೆಯೇ ಹಳೆಯ ಬಾಕಿಗೆ ಜಮೆಯಾಯಿತು. ಒಂದು ದಿನದ ಮಳೆ ಟಿವಿಯಲ್ಲಿ ಎಷ್ಟೇ ದೊಡ್ಡದಾಗಿ ಕಂಡರೂ ಎರಡು ವರ್ಷದ ಕೊರತೆಯನ್ನು ಅದು ತುಂಬಲಾರದು.

ನಗರದ ನಲ್ಲಿಗೆ ಈ ಹಿಮ ಹೇಗೆ ಬರುತ್ತದೆಂಬುದು ಇನ್ನೊಂದು ಕಥೆ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಸೇವೆಗಳ ಆಯೋಗ ಒದಗಿಸುವ ನೀರಿನಲ್ಲಿ ಸುಮಾರು ಶೇಕಡಾ 85ರಷ್ಟು ಬರುವುದು 270 ಕಿಲೋಮೀಟರ್ ದೂರದಲ್ಲಿ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗೆ ಟುವಾಲಮಿ ನದಿಗೆ ಕಟ್ಟಿರುವ ಹೆಚ್ ಹೆಚಿ ಜಲಾಶಯದಿಂದ. ಅಣೆಕಟ್ಟು 1923ರಲ್ಲಿ ಮುಗಿಯಿತು. ನೀರು ನಗರದ ಕಡೆ ತಲುಪಿದ್ದು 1934ರಲ್ಲಿ. ಇಂದು ನಗರ ಮತ್ತು ಸುತ್ತಲ ಜಿಲ್ಲೆಗಳ ಸುಮಾರು 27 ಲಕ್ಷ ಜನ ಅದನ್ನು ಅವಲಂಬಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದರ ಸಾಮರ್ಥ್ಯ ಸುಮಾರು 15.7 ಟಿಎಂಸಿ; ಕೆಆರ್‌ಎಸ್‌ನ ಮೂರರಲ್ಲೊಂದು ಪಾಲು.

ಕಾವೇರಿಯ ಹಂಚಿಕೆಯನ್ನು ಪತ್ರಿಕೆಗಳಲ್ಲಿ ಓದುತ್ತ ಬೆಳೆದ ನಮಗೆ ಟುವಾಲಮಿಯ ನಿಯಮ ಬೇಗ ಅರ್ಥವಾಗುತ್ತದೆ. ಈ ಅಣೆಕಟ್ಟಿಗೆ ಅನುಮತಿ ಕೊಟ್ಟ 1913ರ ಕಾಯ್ದೆ, ಕೆಳಗಿನ ಮೊಡೆಸ್ಟೊ ಮತ್ತು ಟರ್ಲಾಕ್ ನೀರಾವರಿ ಜಿಲ್ಲೆಗಳ ರೈತರ ಹಕ್ಕನ್ನು ಮೊದಲಿಗಿಟ್ಟಿತು. ನದಿಯ ಸಹಜ ಹರಿವಿನಲ್ಲಿ ಮೊದಲ 2,350 ಕ್ಯೂಸೆಕ್ ಅವರದು. ಏಪ್ರಿಲ್ ಮಧ್ಯದಿಂದ 60 ದಿನ, ಅಂದರೆ ಹಿಮ ಕರಗುವ ಮುಖ್ಯ ಕಾಲದಲ್ಲಿ, ಈ ಮಿತಿ 4,066 ಕ್ಯೂಸೆಕ್‌ಗೆ ಏರುತ್ತದೆ. ಅದಕ್ಕೂ ಮೇಲೆ ಹರಿದದ್ದು ಮಾತ್ರ ನಗರದ ಪಾಲು. ಒಳ್ಳೆಯ ವರ್ಷದಲ್ಲಿ ಹೊಳೆ ಈ ಮಿತಿಯನ್ನು ದಾಟಿ ಧಾರಾಳವಾಗಿ ಹರಿಯುತ್ತದೆ. ಬರದ ವರ್ಷದಲ್ಲಿ ಹರಿವು ಮಿತಿಯ ಮೇಲಕ್ಕೆ ಏರುವ ದಿನಗಳೇ ಕಡಿಮೆ. ಹಿಮ ಅರ್ಧವಾದರೆ ನಗರಕ್ಕೆ ಹೊಸದಾಗಿ ಸಿಗುವ ನೀರು ಅರ್ಧಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಆದ್ದರಿಂದಲೇ ಅಲ್ಲಿಯವರು ಜಲಾಶಯ ಅರ್ಧಕ್ಕಿಂತ ಹೆಚ್ಚು ತುಂಬಿರುವಾಗಲೂ ಉಳಿತಾಯದ ಪತ್ರ ಕಳಿಸುತ್ತಾರೆ. ಮುಂದಿನ ಚಳಿಗಾಲವೂ ಕೈಕೊಟ್ಟರೆ ಎಂಬ ಲೆಕ್ಕ ಅವರದು. ಆಯೋಗವು 2021ರ ನವೆಂಬರಿನಲ್ಲಿ ನೀರಿನ ಅಭಾವದ ತುರ್ತುಸ್ಥಿತಿ ಘೋಷಿಸಿ, ಶೇಕಡಾ 10ರಷ್ಟು ಕಡಿತ ಮಾಡಿಕೊಳ್ಳುವಂತೆ ಕೋರಿತ್ತು. ಇದು ಭಯ ಹುಟ್ಟಿಸುವ ಕ್ರಮವಲ್ಲ, ವಿವೇಕದ ಕ್ರಮ. ನಮ್ಮ ನಗರಸಭೆಗಳು ಅಣೆಕಟ್ಟಿನ ತಳ ಕಂಡ ಮೇಲೆ, ಮೇ ತಿಂಗಳಿನಲ್ಲಿ, ದಿನ ಬಿಟ್ಟು ದಿನ ನೀರು ಬಿಡುವುದಕ್ಕಿಂತ ಎಷ್ಟೋ ಮೇಲು.

ಕಡಲಿನ ನೀರನ್ನೇ ಸಿಹಿ ಮಾಡಬಾರದೇ ಎಂಬುದಕ್ಕೆ ಚಿಕ್ಕ ಉತ್ತರ: ಮಾಡಬಹುದು, ಕ್ಯಾಲಿಫೋರ್ನಿಯಾದಲ್ಲೇ ಮಾಡುತ್ತಿದ್ದಾರೆ. ಸ್ಯಾನ್ ಡಿಯಾಗೋ ಪ್ರದೇಶದ ಕಾರ್ಲ್ಸ್‌ಬಾಡ್‌ನಲ್ಲಿ 2015ರ ಡಿಸೆಂಬರಿನಲ್ಲಿ ಆರಂಭವಾದ ಘಟಕ ದಿನಕ್ಕೆ ಸುಮಾರು 19 ಕೋಟಿ ಲೀಟರ್ ಕೊಡುತ್ತದೆ. ಆದರೆ ಅಷ್ಟು ದೊಡ್ಡ ಘಟಕವೂ ಆ ಪ್ರದೇಶದ ಅಗತ್ಯದಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ಪೂರೈಸುತ್ತದೆ. ಒಂದು ಸಾವಿರ ಲೀಟರ್ ಕಡಲ ನೀರನ್ನು ಸಿಹಿಯಾಗಿಸಲು ಮೂರು, ನಾಲ್ಕು ಯೂನಿಟ್ ವಿದ್ಯುತ್ ಬೇಕು. ಹೆಚ್ ಹೆಚಿಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ, ದಾರಿಯಲ್ಲಿ ವಿದ್ಯುತ್ತನ್ನೂ ಕೊಡುತ್ತದೆ. ಮೇಲಾಗಿ ಉಳಿಯುವ ಕಡು ಉಪ್ಪಿನ ನೀರನ್ನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಂಥ ಆಳವಿಲ್ಲದ ಜಾಗಕ್ಕೆ ಬಿಡುವುದು ಮೀನು, ಹಕ್ಕಿಗಳ ನೆಲೆಗೆ ಕೇಡು. ಕಡಲು ಪಕ್ಕದಲ್ಲಿರುವುದು ಬರಗಾಲದಲ್ಲಿ ಆಸರೆಯಾಗುವ ಬದಲು ಅಪಾಯವಾಗುವುದೂ ಉಂಟು. ಹೊಳೆಗಳ ಹರಿವು ಸೊರಗಿದಾಗ ಉಬ್ಬರದ ಉಪ್ಪುನೀರು ಒಳನಾಡಿಗೆ ನುಗ್ಗುತ್ತದೆ. ನಮ್ಮ ಹೊಳೆಬದಿಯ ಗದ್ದೆಗಳವರು ಬಲ್ಲ ಸಂಗತಿ. 2015ರಲ್ಲಿಯೂ 2021ರಲ್ಲಿಯೂ ಕೊಲ್ಲಿಯ ಮೇಲ್ಭಾಗದ ಡೆಲ್ಟಾದಲ್ಲಿ, ಫಾಲ್ಸ್ ರಿವರ್ ಎಂಬ ಕವಲಿಗೆ ಅಡ್ಡಲಾಗಿ ಕಲ್ಲಿನ ತಾತ್ಕಾಲಿಕ ಒಡ್ಡು ಹಾಕಿ ಉಪ್ಪನ್ನು ತಡೆಯಬೇಕಾಯಿತು. ಆ ಡೆಲ್ಟಾದಿಂದಲೇ ಲಕ್ಷಾಂತರ ಜನರಿಗೆ ಕುಡಿಯುವ ನೀರು ಹೋಗುತ್ತದೆ.

ಬಾವಿಯ ಬಗ್ಗೆ ನೀವು ಕೇಳಿದ್ದಕ್ಕೆ ನಿಮ್ಮ ಮಗಳ ಊರೇ ಒಳ್ಳೆಯ ಉತ್ತರ. ಫ್ರೀಮಾಂಟ್‌ಗೆ ನೀರು ಕೊಡುವುದು ಅಲಮೀಡಾ ಕೌಂಟಿ ವಾಟರ್ ಡಿಸ್ಟ್ರಿಕ್ಟ್. 1914ರಲ್ಲಿ ಅದು ಹುಟ್ಟಿದ್ದೇ ಅಲ್ಲಿಯ ಅಂತರ್ಜಲವನ್ನು ಕಾಯುವುದಕ್ಕೆ. ನೈಲ್ಸ್ ಕೋನ್ ಎಂಬ ಆ ಅಂತರ್ಜಲ ಭಂಡಾರದಿಂದ ಮಿತಿಮೀರಿ ಎತ್ತಿದ್ದರಿಂದ 1920ರ ದಶಕದಲ್ಲೇ ಕೊಲ್ಲಿಯ ಉಪ್ಪುನೀರು ಒಳಗೆ ಬಂದಿತ್ತು. ಇಂದು ಅಲಮೀಡಾ ಹಳ್ಳದ ನೀರನ್ನು ಹಳೆಯ ಜಲ್ಲಿ ಗಣಿಗಳ ಹೊಂಡಗಳಿಗೆ ಹಾಯಿಸಿ ಇಂಗಿಸುತ್ತಾರೆ. ಉಪ್ಪು ಸೇರಿದ ಭಾಗದ ನೀರನ್ನು ಪಕ್ಕದ ನ್ಯೂಆರ್ಕ್ ಊರಿನಲ್ಲಿ 2003ರಿಂದ ಶುದ್ಧೀಕರಿಸಿ ಬಳಸುತ್ತಾರೆ. ಮೂಲದಲ್ಲೇ ಉಪ್ಪು ಕಡಿಮೆ ಇರುವುದರಿಂದ ಇದಕ್ಕೆ ತಗಲುವ ವಿದ್ಯುತ್ತೂ ಕಡಲ ನೀರಿಗಿಂತ ಕಡಿಮೆ. ಸ್ವಂತ ನೀರು ಸಾಲದ್ದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದಲೂ ರಾಜ್ಯದ ಕಾಲುವೆ ಯೋಜನೆಯಿಂದಲೂ ಕೊಳ್ಳುತ್ತಾರೆ. ಆ ಕಾಲುವೆ ಯೋಜನೆ 2022ರ ಮಾರ್ಚ್‌ನಲ್ಲಿ ಗ್ರಾಹಕ ಸಂಸ್ಥೆಗಳಿಗೆ ಕೇಳಿದ್ದರ ಶೇಕಡಾ 5ರಷ್ಟನ್ನು ಮಾತ್ರ ಕೊಡುವೆನೆಂದಿತು. ನಿಮ್ಮ ಕೈಗೆ ಬಂದ ಪತ್ರದ ಹಿಂದೆ ಇಷ್ಟೆಲ್ಲ ಇತ್ತು.

2023ರ ಮಾತು. 2022ರ ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದೊಳಗೆ ಒಂಬತ್ತು ವಾಯುಮಂಡಲದ ನದಿಗಳು ಸಾಲಾಗಿ ಬಂದವು. ಡಿಸೆಂಬರ್ 31ರಂದು ಒಂದೇ ದಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 139 ಮಿಲಿಮೀಟರ್ ಮಳೆಯಾಯಿತು. 2013ರ ಇಡೀ ವರ್ಷದ ಮಳೆ 142 ಎಂಬುದನ್ನು ನೆನೆದರೆ ಅಲ್ಲಿಯ ಹವೆಯ ಓಲಾಟ ತಿಳಿಯುತ್ತದೆ. ಫಿಲಿಪ್ಸ್ ಸ್ಟೇಷನ್ನಿನಲ್ಲಿ ಏಪ್ರಿಲಿನ ಹಿಮದ ಆಳ 126.5 ಅಂಗುಲ ಮುಟ್ಟಿತು. ಎಲ್ಲರೂ ಸ್ವಯಂಪ್ರೇರಣೆಯಿಂದ ಶೇಕಡಾ 15ರಷ್ಟು ಉಳಿಸಬೇಕೆಂಬ ತನ್ನ ಕೋರಿಕೆಯನ್ನು ರಾಜ್ಯವು ಆ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ಜಲಾಶಯಗಳ ಮಟ್ಟಿಗೆ ಆ ಬರ ಮುಗಿಯಿತೆಂದು ಧೈರ್ಯವಾಗಿ ಹೇಳಬಹುದು. ನೆಲದಡಿಯ ಬರ ಮುಗಿದಿಲ್ಲ. ರಾಜ್ಯದ ನಡುವಿನ ಕಣಿವೆಯಲ್ಲಿ ಬಾದಾಮಿ, ದ್ರಾಕ್ಷಿ ತೋಟಗಳಿಗಾಗಿ ಎತ್ತಿದ ಅಂತರ್ಜಲದಿಂದ ಭೂಮಿಯೇ ಕುಸಿದಿದೆ. 2022ರೊಂದರಲ್ಲೇ ಸಾವಿರಕ್ಕೂ ಹೆಚ್ಚು ಮನೆಬಾವಿಗಳು ಬತ್ತಿದ ವರದಿಗಳಿದ್ದವು. ಕುಸಿದ ಪದರ ಮತ್ತೆ ಉಬ್ಬುವುದಿಲ್ಲ, ಎಷ್ಟು ಮಳೆ ಬಂದರೂ ಅಷ್ಟು ನೀರು ಹಿಡಿಯುವ ಶಕ್ತಿ ಅದಕ್ಕೆ ಮರಳುವುದಿಲ್ಲ. ಈ ಎತ್ತುವಿಕೆಗೆ ಕಡಿವಾಣ ಹಾಕುವ ಕಾಯ್ದೆ 2014ರ ಬರದಲ್ಲೇ ಬಂತು. ಅದರ ಗುರಿ ಪೂರ್ತಿಯಾಗಬೇಕಾದದ್ದು 2040ರ ಹೊತ್ತಿಗೆ. ಬೋರ್‌ವೆಲ್ ಕೊರೆಯುವುದರಲ್ಲಿ ಹೆಸರಾದ ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳಿಗೆ ಅಂಥ ಒಂದು ಗಡುವಾದರೂ ಇದ್ದಿದ್ದರೆ ಎಂದು ನನಗೆ ಅನೇಕ ಸಲ ಅನಿಸಿದೆ.

ಮಾಡಿನ ನೀರು ಹಿಡಿಯುವ ನಿಮ್ಮ ಸಲಹೆ ಕರಾವಳಿಯ ಅನುಭವದಿಂದ ಬಂದದ್ದು, ಆದರೆ ಫ್ರೀಮಾಂಟ್‌ನಲ್ಲಿ ಅದಕ್ಕೊಂದು ತೊಡಕಿದೆ. ಅಲ್ಲಿ ಮಳೆ ಬರುವಾಗ ತೋಟಕ್ಕೆ ನೀರು ಬೇಡ, ನೀರು ಬೇಕಾದ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯಿಲ್ಲ. 200 ಲೀಟರಿನ ಪೀಪಾಯಿ ಮೊದಲ ಮಳೆಗೇ ತುಂಬಿ, ಮೇ ತಿಂಗಳ ಮೊದಲ ವಾರದೊಳಗೆ ಖಾಲಿಯಾಗುತ್ತದೆ. ಆರು ತಿಂಗಳಿಗೆ ಸಾಲುವಷ್ಟು ತೊಟ್ಟಿ ಕಟ್ಟಲು ಆ ಮನೆಗಳ ಹಿತ್ತಿಲಿನಲ್ಲಿ ಜಾಗ ಇರುವುದಿಲ್ಲ. ಅದಕ್ಕಿಂತ ಬಟ್ಟೆ ಒಗೆದ ನೀರು ಹೆಚ್ಚು ನಂಬಿಕೆಯದು, ಏಕೆಂದರೆ ಅದು ಬೇಸಿಗೆಯಲ್ಲಿಯೂ ವಾರವಾರವೂ ಬರುತ್ತದೆ. ವಾಷಿಂಗ್ ಮೆಷಿನ್ನಿನಿಂದ ಹೊರಬೀಳುವ ನೀರನ್ನು, ಮನೆಯ ಕೊಳಾಯಿ ಜಾಲವನ್ನು ಕತ್ತರಿಸದೆ, ಪೈಪಿನಲ್ಲಿ ಹಿತ್ತಿಲಿನ ಗಿಡಮರಗಳ ಬುಡಕ್ಕೆ ಹಾಯಿಸುವುದಕ್ಕೆ ಕ್ಯಾಲಿಫೋರ್ನಿಯಾ 2009ರಿಂದ ಪರವಾನಗಿಯಿಲ್ಲದೆಯೇ ಅವಕಾಶ ಕೊಟ್ಟಿದೆ. ಷರತ್ತುಗಳು ಕೆಲವೇ: ನೀರು ನೆಲದ ಮೇಲೆ ನಿಲ್ಲದೆ ಮರದ ತೊಗಟೆಯ ಹೊದಿಕೆಯಡಿ ಇಂಗಬೇಕು, ಬೇಡವಾದಾಗ ಒಳಚರಂಡಿಗೆ ತಿರುಗಿಸಲು ಒಂದು ವಾಲ್ವ್ ಇರಬೇಕು, ಮಗುವಿನ ಮಲಿನ ಬಟ್ಟೆ ಒಗೆದ ನೀರನ್ನು ಬಿಡಬಾರದು. ಸೋಪಿನ ಪುಡಿಯಲ್ಲಿ ಬೋರಾನ್ ಮತ್ತು ಸೋಡಿಯಂ ಕಡಿಮೆಯಿರುವುದನ್ನು ಆರಿಸಿಕೊಂಡರೆ ನಿಂಬೆ, ಅಂಜೂರದಂಥ ಹಣ್ಣಿನ ಮರಗಳಿಗೆ ಈ ನೀರು ಧಾರಾಳವಾಗಿ ಆಗುತ್ತದೆ. ಸೊಪ್ಪು, ಗಡ್ಡೆ ತರಕಾರಿಗಳಿಗೆ ಮಾತ್ರ ನಲ್ಲಿಯ ನೀರನ್ನೇ ಬಳಸಲು ಮಗಳಿಗೆ ಹೇಳಿ.